ದಾಂಡೇಲಿಗೆ ಹೋಗಿ ಬಂದ್ರ ತಲಿ ಹಗುರಾತು, ಗೋವಾಕ್ಕ ಹೋದಾಗ ಯಾಕ ಆಗ್ಲಿಲ್ಲ?

ಉಣಕಲ್_ದಂಡಿ:
ಎಲ್ಲಾರಿಗೂ ನಮಸ್ಕಾರ್ರಿ. ಬಾಳ ದಿನದಿಂದ ಇಲ್ಲಿ ಬರೇ ಓದ್ಕೊಂತ ಕುಂತಿದ್ದೆ, ಇವತ್ತ ಒಂದ್ ಮಾತು ಕೇಳೋದೈತಿ. ನಂದು ಹುಬ್ಬಳ್ಯಾಗ ಒಂದು ಫೈನಾನ್ಸ್ ಕಂಪನಿಯೊಳಗ ರಿಕವರಿ ಕೆಲಸ, ಅಂದ್ರ ಮುಂಜಾನಿ ಮಂದೀನ ಬೈಯೋದು, ಸಂಜಿಮುಂದ ಮ್ಯಾನೇಜರ್ ಕಡೆ ಬೈಸ್ಕೊಳ್ಳೋದು. ಒಂದು ವರ್ಷ ಆತು ನಿದ್ದಿ ಕೆಟ್ಟು. ರಾತ್ರಿ ಮೂರಕ್ಕ ಟಕ್ಕಂತ ಎಚ್ಚರ ಆಗತೈತಿ, ಆಮ್ಯಾಲ ಯಾರ ಇಎಂಐ ಬೌನ್ಸ್ ಆಗೇತಿ ಯಾರ ಫೋನ್ ಎತ್ತವಲ್ರು ಅಂತ ಫ್ಯಾನ್ ನೋಡ್ಕೊಂತ ಲೆಕ್ಕ ಹಾಕೋದು.

ದೀಪಾವಳಿ ರಜಾಕ್ಕ ಮನಿ ಮಂದಿನೆಲ್ಲಾ ಕರ್ಕೊಂಡು ಗೋವಾಕ್ಕ ಹೋಗಿದ್ದೆ. ಮೂರು ದಿನ ರೂಮ್ ಹುಡುಕೋದು, ಪಾರ್ಕಿಂಗ್ ಹುಡುಕೋದು, ಅವ್ವಗ ಊಟ ಸೇರಂಗಿಲ್ಲ, ಮಗಳಿಗೆ ಬಿಸಲ ತಡಿಯಂಗಿಲ್ಲ, ಬೀಚ್ ಮ್ಯಾಲೆ ಕುಂತಾಗೂ ಕೈಯಾಗ ಫೋನ್. ತಿರುಗಿ ಬರೂದ್ರಾಗ ಹೋಗಕ್ಕಿಂತ ಮೊದಲ ಇದ್ದದ್ದಕ್ಕಿಂತ ದಣಿದಿದ್ದೆ.

ಮೊನ್ನಿ ಶನಿವಾರ ಗೆಳ್ಯಾರು ಜಬರದಸ್ತಿ ಮಾಡಿ ದಾಂಡೇಲಿ ಕಡೆ ಗಣೇಶಗುಡಿಗೆ ರಾಫ್ಟಿಂಗ್‌ಗೆ ಎಳ್ಕೊಂಡ್ ಹೋದ್ರು. ನನಗ ಈಜು ಬರಂಗಿಲ್ರಿ, ಜೀವಾ ಕೈಯಾಗ ಹಿಡ್ಕೊಂಡ ಕುಂತಿದ್ದೆ. ಕಾಳಿ ಹೊಳಿ ನೀರು ಮಾರಿಗೆ ಬಡದ ಮ್ಯಾಲ ಗೈಡ್ "ಫಾರ್ವರ್ಡ್, ಫಾರ್ವರ್ಡ್" ಅಂತ ಒದರಿದ್ದಷ್ಟ ಕಿವ್ಯಾಗ, ಪ್ಯಾಡಲ್ ಹಾಕೋದಷ್ಟ ಕೈಯಾಗ, ಆಫೀಸ್ ಅನ್ನೋದೊಂದು ಐತಿ ಅನ್ನೋದ ಮರ್ತ ಹೋತು. ಅವತ್ತ ರಾತ್ರಿ ಒಂಬತ್ತ ತಾಸು ಮಲಗೇನಿ. ಸೋಮವಾರ, ಮಂಗಳವಾರ ಛಲೋ ಇತ್ತು. ಬುಧವಾರ ಮತ್ತ ಮೂರಕ್ಕ ಎಚ್ಚರ.

ಇದರಾಗ ಏನರ ಐತೋ, ಅಥವಾ ನಾ ಬರೇ ದಣಿದು ಮಲಗಿದ್ನೋ? ತಿಳಿದವ್ರು ಹೇಳ್ರಿ.

ಖಾರಾ_ಚುರುಮುರಿ:
ದಣಿದು ಮಲಗೀದಿ ದೋಸ್ತ. ನಮ್ಮ ಮನಿ ಮ್ಯಾಲಿನ ಟಾಕಿ ತೊಳ್ಯಾಕ ಬಾ, ಅದೂ ನೀರಾಟನ, ರೊಕ್ಕ ಇಲ್ಲ, ರಾತ್ರಿ ಹತ್ತ ತಾಸು ನಿದ್ದಿ ಗ್ಯಾರಂಟಿ.

ಗದಗ_ಎದುರಗಾಳಿ:
ಚುರುಮುರಿ ಅಣ್ಣಾ, ಟಾಕಿ ತೊಳಿವಾಗ ತಲಿ ಖಾಲಿ ಇರ್ತೈತಿ, ಹಾಳಾದ್ದು ಅದಕ್ಕ ಎಲ್ಲಾ ನೆನಪಾಗೋದು. ಅದ ಫರಕು.

ನನ್ನ ಕತಿ ಹೇಳ್ತೀನಿ. ಗದಗದಾಗ ನಮ್ದು ಬಟ್ಟಿ ಅಂಗಡಿ, ಕೊರೊನಾದಾಗ ಕುಂತಬಿಡ್ತು, ಸಾಲ ಆತು. ತಮ್ಮನ ಹಳೇ ಗೇರ್ ಸೈಕಲ್ ಮೂಲ್ಯಾಗ ಬಿದ್ದಿತ್ತು, ಅಂಗಡಿ ತಗಿಯಾಂಗಿಲ್ಲ, ಮನ್ಯಾಗ ಕುಂತ್ರ ಎಲ್ಲಾರ ಮಾರಿ ನೋಡಬೇಕು, ಅದಕ್ಕ ಮುಂಜಾನೆದ್ದು ಡಂಬಳದ ಕಡೆ ಹೊಡ್ಕೊಂಡ್ ಹೋಗಾಕ ಹತ್ತಿದೆ. ಗದಗದಿಂದ ಡಂಬಳ ಹತ್ರತ್ರ 20 ಕಿ.ಮೀ., ಅಲ್ಲಿ ದೊಡ್ಡಬಸಪ್ಪನ ಗುಡಿ ಕಟ್ಟಿ ಮ್ಯಾಲೆ ಕುಂತು ನೀರು ಕುಡಿಯೋದು, ಬರೋದು. ಕಪ್ಪತಗುಡ್ಡದ ಕಡೆ ಗಾಳಿ ಹೆಂಗ ಅಂತ ಗೊತ್ತಲ್ಲ, ಸುಮ್ಮನ ನೆಟ್ಟಿಲ್ಲ ಅಷ್ಟ ಗಾಳಿ ಗಿರಣಿ. ಎದುರ ಗಾಳಿಗೆ ಸಿಕ್ಕಾಗ ಸೈಕಲ್ ನಿಂತ ಜಾಗಾದಾಗ ನಿಂತಂಗ ಅನಸ್ತೈತಿ, ಆವಾಗ ತಲ್ಯಾಗ ಒಂದ ವಿಚಾರ, ಆ ಮುಂದಿನ ಬೇವಿನ ಗಿಡ ಮುಟ್ಟಬೇಕು. ಅದನ್ನ ಮುಟ್ಟಿದ ಮ್ಯಾಲ ಅದರ ಮುಂದಿನ ಗಿಡ. ಸಾಲಗಾರ ಎಲ್ಲಿ ಹೊಕ್ಕಾನ ಅದರಾಗ, ಜಾಗಾನ ಇಲ್ಲ.

ಸಾಲ ಸೈಕಲ್ ಹೊಡದ್ರ ತೀರ್ಲಿಲ್ಲ, ಅದು ನಾಕ್ ವರ್ಷ ಹಿಡೀತು. ಆದ್ರ ಮನಿಗೆ ಬಂದ ಮ್ಯಾಲ ಹೆಂಡ್ತಿ ಮ್ಯಾಲೆ ಒದರೋದು ಕಡಿಮಿ ಆತು. ಬೇಕಾದ್ರ ಆಕೀನ್ನ ಕೇಳ್ರಿ.

ಈಗ ಪ್ರತಿ ವರ್ಷ ಥಂಡಿ ದಿವಸದಾಗ ಎರಡು ದಿನ ರಜಾ ಹಾಕಿ ನಾವ್ ಆರು ಮಂದಿ ಸೈಕಲ್ ಟೂರ್ ಮಾಡ್ತೀವಿ. ಹೋದ ಸಲ ಮಾಗಡಿ ಕೆರಿ. ಪಟ್ಟೆ ತಲಿ ಹೆಬ್ಬಾತು ಹಿಮಾಲಯ ದಾಟಿ ನಮ್ಮ ಶಿರಹಟ್ಟಿ ತಾಲೂಕಿನ ಕೆರಿಗೆ ಬರ್ತಾವ, 2024ರಾಗ ಜಗತ್ತಿನ ಮಹತ್ವದ ಜೌಗು ಜಾಗಾಗಳ ರಾಮ್‌ಸಾರ್ ಪಟ್ಟಿಗೂ ಸೇರೇತಿ. ನಾವು 26 ಕಿ.ಮೀ. ಬಂದು ಉಸ್ಸಂತ ಕುಂತಿದ್ವಿ, ಅವು ಸಾವಿರಾರು ಕಿ.ಮೀ. ಹಾರಿ ಬಂದು ಸುಮ್ಮನ ಕಡ್ಲಿ ಹೊಲದಾಗ ಮೇಯಾಕತ್ತಿದ್ವು. ಬಾಳ ನಾಚಿಕಿ ಆತು.

ಖಾರಾ_ಚುರುಮುರಿ:
ಹೊಲದವನಿಗೆ ಕೇಳ್ರಿ, ಅವನ ಮಾನಸಿಕ ಆರೋಗ್ಯ ಹೆಂಗೈತಿ ಅಂತ 😂

ಸಾಧನಕೇರಿ_ಟೀಚರ್:
ನಾನು ಧಾರವಾಡದಾಗ ಹೈಸ್ಕೂಲ್ ಟೀಚರ್, ವಯಸ್ಸು 47. ಹೋದ ವರ್ಷ ಅವ್ವ ತೀರಿಕೊಂಡ್ಲು. ಎರಡು ವರ್ಷ ನಾನ ಮಾಡಿದ್ದೆ ಆಕೀದೆಲ್ಲ, ಆಕಿ ಹೋದ ಮ್ಯಾಲೆ ಕೈಗೆ ಕೆಲಸಾನ ಇಲ್ಲದಂಗಾತು, ಮಧ್ಯಾಹ್ನ ಮೂರಾತು ಅಂದ್ರ ಔಷಧ ಕೊಡಬೇಕಲ್ಲ ಅಂತ ಎದ್ದು ನಿಲ್ತಿದ್ದೆ. ಅಣ್ಣನ ಮಗಳು ಡಿಸೆಂಬರ್‌ದಾಗ ಉತ್ತರಾಖಂಡಕ್ಕ ಕೇದಾರಕಂಠ ಟ್ರೆಕ್‌ಗೆ ಹೆಸರು ಹಚ್ಚಿಬಿಟ್ಲು. ಕೇದಾರನಾಥ ಅಲ್ರೀ, ಅದು ಬ್ಯಾರೆ, ಇದು ಬ್ಯಾರೆ, ನಮ್ಮ ಓಣಿಯೊಳಗ ಎಲ್ಲಾರೂ ಪ್ರಸಾದ ಕೇಳಿದ್ರು. ಸುಮಾರು 12,500 ಅಡಿ, ಸಾಂಕ್ರಿ ಅನ್ನೋ ಹಳ್ಳಿಯಿಂದ ಶುರು.

ಖರೇ ಹೇಳ್ತೀನಿ, ಮೊದಲನೇ ರಾತ್ರಿ ಟೆಂಟಿನಾಗ ಅತ್ತೀನಿ. ತಲಿನೋವು, ಥಂಡಿ, ನಿದ್ದಿ ಇಲ್ಲ, ಎತ್ತರಕ್ಕ ಹೋದಾಗ ಹಂಗ ಆಗ್ತದಂತ. ಅಲ್ಲಿ ಹೋದ ಕೂಡ್ಲೆ ಮನಸು ಅರಳ್ತದ ಅನ್ನೋದೆಲ್ಲ ಸುಳ್ಳು, ಎರಡನೇ ದಿನ ನಾನು ವಾಪಸ್ ಹೋಗ್ತೀನಿ ಅಂತ ಗಂಟು ಕಟ್ಟಿದ್ದೆ. ಆದ್ರ ಅಲ್ಲಿ ಯಾರೂ ನನಗ ಟೀಚರ್ ಅನ್ನಲಿಲ್ಲ, ಯಾರೂ "ಪಾಪ, ಅವ್ವ ಹೋದ್ರಂತಲ್ಲ" ಅನ್ನಲಿಲ್ಲ. ಪುಣೆದೊಂದು ಹುಡುಗ, ನನ್ನ ವಿದ್ಯಾರ್ಥಿ ವಯಸ್ಸಿನಂವಾ, "ದೀದಿ, ಸಣ್ಣ ಹೆಜ್ಜಿ ಇಡ್ರಿ, ಮಾತಾಡಿಕೋತ ನಡಿಲಿಕ್ಕೆ ಆಗಬೇಕು ಅಷ್ಟ ಸ್ಪೀಡ್" ಅಂತ ನನ್ನ ಹಿಂದ ನಡದ. ನಾಲ್ಕು ದಿನ ನಾ ವಿಚಾರ ಮಾಡಿದ್ದು ಮುಂದಿನ ಹೆಜ್ಜಿ, ಬಿಸಿನೀರು, ಒಣಗಿದ ಸಾಕ್ಸು ಇಷ್ಟ.

ಶಿಖರದ ಮ್ಯಾಲೆ ಏನೂ ದೊಡ್ಡ ಸಾಕ್ಷಾತ್ಕಾರ ಆಗಲಿಲ್ಲ. ಇಳಿಯುವಾಗ ಮೊದಲನೇ ಸಲ ಅವ್ವನ ನೆನಪು ದವಾಖಾನಿ ಹಾಸಿಗಿ ಬಿಟ್ಟು ಬಂತು, ಆಕಿ ಹೊಲದಾಗ ಬುತ್ತಿ ಹೊತ್ತು ಜೋರಾಗಿ ನಡೀತಿದ್ದ ನೆನಪು. ಅಷ್ಟ.

ಗೋಕುಲ_ರೋಡ್_ಮಂದಿ:
ಅಕ್ಕಾರ ಬರದದ್ದು ಓದಿ ಸುಮ್ಮನ ಕುಂತೆ.

ನಂದು ಉಲ್ಟಾ ಅನುಭವ. ನಮ್ಮ ಆಫೀಸಿನವ್ರು ಟೀಮ್ ಔಟಿಂಗ್ ಅಂತ ಅದೇ ರಾಫ್ಟಿಂಗ್‌ಗೆ ಕರ್ಕೊಂಡ್ ಹೋಗಿದ್ರು. ನಮ್ಮ ಬಾಸು ರಾಫ್ಟಿನ್ಯಾಗೂ "ನೋಡ್ರಿ ಹಿಂಗ ಎಲ್ಲಾರೂ ಕೂಡಿ ಹುಟ್ಟು ಹಾಕಿದ್ರ ಈ ಕ್ವಾರ್ಟರ್ ಟಾರ್ಗೆಟ್ ದಾಟಬಹುದು" ಅಂದ. ಯಾರೋ ಅವನ ಮಾರಿಗೆ ನೀರ ಹೊಡದ್ರು, ಯಾರಂತ ಇನ್ನೂ ತನಿಖೆ ನಡದೈತಿ. ರಾತ್ರಿ ಕ್ಯಾಂಪ್‌ಫೈರ್ ಮುಂದ ಅಪ್ರೈಸಲ್ ಮಾತು. ಹೊಳಿ ಅದ, ಗೈಡ್ ಅದ ಊರವ, ಆದ್ರ ನನಗ ಆಫೀಸ್ ಬಿಟ್ಟು ಬಂದಂಗ ಒಂದ್ ಮಿನಿಟೂ ಅನಿಸಲಿಲ್ಲ. ಹಿಂಗಾಗಿ ನನ್ನ ಅಂದಾಜು ಏನಂದ್ರ ಯಾವ ಆಟ ಅನ್ನೋದಕ್ಕಿಂತ ಯಾರ ಜೋಡಿ ಅನ್ನೋದು ದೊಡ್ಡದು.

ವಾರ್ಡ್_ಸಿಸ್ಟರ್:
ಮನೋರೋಗ ವಿಭಾಗದಲ್ಲಿ ನರ್ಸ್ ಆಗಿ ಹನ್ನೆರಡು ವರ್ಷ ಆಯ್ತು, ಸ್ವಲ್ಪ ಉದ್ದ ಬರೀತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ.

ಗೋಕುಲ ರೋಡ್ ಅಣ್ಣಾರ ಹೇಳಿದ್ದಕ್ಕ ಒಂದು ಅಳತಿ ಪಟ್ಟಿನ ಐತಿ. ಕೆಲಸದ ದಣಿವಿನಿಂದ ಮನಸು ಹೆಂಗ ಚೇತರಿಸಿಕೊಳ್ತದ ಅಂತ ಸಬೀನ ಸೊನೆನ್‌ಟಾಗ್, ಶಾರ್ಲಟ್ ಫ್ರಿಟ್ಸ್ ಅನ್ನೋ ಇಬ್ಬರು ಸಂಶೋಧಕಿಯರು 2007ರಲ್ಲಿ ಒಂದು ಪ್ರಶ್ನಾವಳಿ ಮಾಡಿದ್ರು. ಅದರೊಳಗ ನಾಕು ಮಾತು ನೋಡ್ತಾರ. ಕೆಲಸದ ವಿಚಾರದಿಂದ ಮನಸು ಕಳಚಿಕೊಂಡಿತೋ ಇಲ್ಲೋ, ಮೈ-ಮನಸು ಸಡಿಲ ಆದ್ವೋ ಇಲ್ಲೋ, ಹೊಸದೇನರ ಕಲತು ಕೈಗೆ ಹತ್ತಿದ ಖುಷಿ ಸಿಕ್ಕಿತೋ ಇಲ್ಲೋ, ಮತ್ತ ಆ ಹೊತ್ತು ನಿಮ್ಮ ಕೈಯಾಗಿತ್ತೋ ಮಂದಿ ಕೈಯಾಗಿತ್ತೋ. ಉಣಕಲ್ ತಮ್ಮಾ, ನಿನ್ನ ಗೋವಾ ಟ್ರಿಪ್ಪನ್ನ ಇದಕ್ಕ ಹಚ್ಚಿ ನೋಡು, ನಾಕರಾಗ ಒಂದೂ ಇಲ್ಲ. ಗಣೇಶಗುಡ್ಯಾಗ ಮೊದಲನೇದ್ದು, ಮೂರನೇದ್ದು ಪೂರಾ ಸಿಕ್ಕಾವ.

ಮೈ ದಣಿಸಿದಾಗ ದೇಹದಾಗ ಹುಟ್ಟೋ, ನೋವು ಮರಸೋ ಪದಾರ್ಥಕ್ಕ ಎಲ್ಲಾರೂ ಎಂಡಾರ್ಫಿನ್ ಎಂಡಾರ್ಫಿನ್ ಅಂತಾರ, ಆದ್ರ ರಕ್ತದೊಳಗಿನ ಎಂಡಾರ್ಫಿನ್ ಮಿದುಳಿನೊಳಗ ಅಷ್ಟ ಸುಲಭ ದಾಟಂಗಿಲ್ಲ. ಓಡಿದ ಮ್ಯಾಲ ಬರೋ ಆ ಹಗುರತನಕ್ಕ ನಮ್ಮ ದೇಹನ ತಯಾರು ಮಾಡೋ ಎಂಡೋಕ್ಯಾನಬಿನಾಯ್ಡ್ ಅನ್ನೋ ಪದಾರ್ಥದ ಪಾತ್ರ ಹೆಚ್ಚು ಇರಬಹುದು ಅಂತ ಈಗ ಹೇಳ್ತಾರ.

ಇನ್ನ ಬುಧವಾರದ ಮಾತು. 2010ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ 1,530 ಮಂದೀನ ಕೇಳಿದ ಒಂದು ಅಧ್ಯಯನ ಬಂತು. ರಜಾಕ್ಕ ಹೋಗೋರು ಹೋಗೋಕ್ಕಿಂತ ಮೊದಲ ಖುಷಿಯಾಗಿದ್ರು, ಬಂದ ಮ್ಯಾಲ ಹೋಗದ ಇದ್ದೋರಿಗೂ ಇವರಿಗೂ ಬಾಳ ಫರಕ ಉಳೀಲಿಲ್ಲ. ಪ್ರವಾಸ ಬಾಳ ಆರಾಮ ಆತು ಅಂದೋರಿಗಷ್ಟ ಸ್ವಲ್ಪ ದಿನ ಉಳೀತು. ಹಂಗಾಗಿ ಎರಡು ದಿನ ಛಲೋ ಇತ್ತು ಅಂದ್ರ ಅದು ನಿನ್ನ ತಪ್ಪಲ್ಲ.

ಖಾರಾ_ಚುರುಮುರಿ:
ಸಿಸ್ಟರ್, ಸಿಕ್ಕಬಿದ್ರಿ. "ಆರಾಮ" ಆದೋರಿಗೆ ಲಾಭ ಅಂತ ನೀವ ಬರದೀರಿ. ಅಂದ್ರ ಮಲಗಿದೋರಿಗೆ, ಹುಟ್ಟು ಹಾಕಿದೋರಿಗಲ್ಲ.

ವಾರ್ಡ್_ಸಿಸ್ಟರ್:
ಛಲೋ ಹಿಡದ್ರಿ 🙂 ಅವರು ಕೇಳಿದ್ದು ಪ್ರವಾಸ ಎಷ್ಟು ಆರಾಮ ಅನಿಸ್ತು ಅಂತ, ಮಲಗಿದ್ರೋ ಓಡಿದ್ರೋ ಅಂತಲ್ಲ. ಗೋವಾದಾಗ ಮಲಗಾಕ ಹೋದ ತಮ್ಮಗ ಆರಾಮ ಸಿಗಲಿಲ್ಲ ನೋಡ್ರಿ. ಆದ್ರ ನಿಮ್ಮ ಮಾತಿನೊಳಗ ಒಂದು ಖರೇ ಐತಿ, ಆಟದ ರಜಾ ಅಂದ ಕೂಡ್ಲೆ ಎಲ್ಲಾರಿಗೂ ಒಗ್ತದ ಅಂತಲ್ಲ. ಮೊದಲ ದಣಿದು ಸುಣ್ಣ ಆದವರಿಗೆ ಎರಡು ದಿನ ಬರೇ ಮಲಗೋದ ಬೇಕಾಗಿರ್ತದ.

ಗೋಕುಲ_ರೋಡ್_ಮಂದಿ:
ನಮ್ಮ ಮಾವ ಹಂಗ, ಸಿಕ್ಕ ಕಡೆ ಮಲಗ್ತಾನ, ಅವನಷ್ಟ ಆರೋಗ್ಯವಂತನ್ನ ನಾ ನೋಡಿಲ್ಲ.

ಬಾದಾಮಿ_ಕಲ್ಲು:
ಅಕ್ಕಾ, ನಂಗೊಂದು ಡೌಟು. ನಂಗ 26, ಹುಬ್ಬಳ್ಳಿ ವಿದ್ಯಾನಗರದಾಗ ಇರ್ತೀನಿ. ಎರಡು ವರ್ಷದ ಹಿಂದ ಪ್ಯಾನಿಕ್ ಅಟ್ಯಾಕ್ ಶುರು ಆಗಿದ್ವು, ಚಿಗರಿ ಬಸ್ಸಿನಾಗ ಒಂದ್ ಸಲ ಎದಿ ಹಿಡ್ಕೊಂಡು ನಡುವ ಇಳದಬಿಟ್ಟಿದ್ದೆ, ಇಸಿಜಿ ಎಲ್ಲಾ ನಾರ್ಮಲ್. ಡಾಕ್ಟರ್ ತೋರಿಸಿ ಗುಳಿಗಿ, ಕೌನ್ಸೆಲಿಂಗ್ ಎರಡೂ ತಗೊಂಡೆ, ಬಾಳ ಕಡಿಮಿ ಆತು. ಹೋದ ಜನವರಿ ಕಾಲೇಜು ಗೆಳತಿ ಬಾದಾಮಿಗೆ ಕ್ಲೈಂಬಿಂಗ್ ಕಲಿಯಾಕ ಕರ್ಕೊಂಡ್ ಹೋದ್ಲು. ಗುಹಾ ನೋಡಾಕ ಹತ್ತ ಸಲ ಹೋಗೀನಿ, ಅದ ಕೆಂಪ ಮರಳುಗಲ್ಲು ದೇಶ ವಿದೇಶದಿಂದ ಮಂದಿ ಏರಾಕ ಬರ್ತಾರಂತ ಗೊತ್ತ ಇರ್ಲಿಲ್ಲ.

ಹಾರ್ನೆಸ್ ಕಟ್ಟಿ ಮ್ಯಾಲಿಂದ ಹಗ್ಗ ಬಿಟ್ಟಿದ್ರು, ಎರಡಾಳು ಎತ್ತರ ಏರಿದೆ ನೋಡ್ರಿ, ಎದಿ ಢವಢವ, ಬೆರಳು ನಡುಗಾಕತ್ವು, ಕಾಲಂತೂ ಹೊಲಿಗಿ ಮಷಿನ್ ಆಗಿತ್ತು. ಮತ್ತ ಅಟ್ಯಾಕ್ ಬಂತು ಅಂತ ಕಣ್ಣ ಮುಚ್ಚಿದೆ. ಕೆಳಗ ಹಗ್ಗ ಹಿಡಿದಿದ್ದ ಗೆಳತಿ "ಏನೂ ಮಾಡಬ್ಯಾಡ, ಹಗ್ಗದ ಮ್ಯಾಲೆ ಕೂಡು, ನಾ ಹಿಡದೀನಿ" ಅಂದ್ಲು. ಕುಂತೆ. ಗಾಳ್ಯಾಗ ಜೋತಾಡ್ಕೊಂತ ಐದು ಮಿನಿಟು ಕುಂತೆ, ಕೆಳಗ ಮಂಗ್ಯಾ ನಮ್ಮ ಬ್ಯಾಗಿನಾಗಿನ ಬಾಳಿಹಣ್ಣು ತಗೊಂಡು ಓಡಾಕತ್ತಿತ್ತು, ನಗು ಬಂತು. ಎದಿ ತಂತಾನ ಇಳೀತು. ಮತ್ತ ಏರಿದೆ, ಪೂರಾ ಅಲ್ಲ, ಇನ್ನೊಂದಿಷ್ಟು.

ಅವತ್ತಿಂದ ಬಸ್ಸಿನಾಗ ಎದಿ ಬಡಕೊಂಡ್ರ ನಂಗ ಮೊದಲ ನೆನಪಾಗೋದು ಆ ಹಗ್ಗ. ಇದು ಖರೇನ ಉಪಯೋಗ ಆಗ್ತೈತೋ, ಅಥವಾ ನಾನ ಸಮಾಧಾನ ಮಾಡ್ಕೊಳ್ಳಾಕತ್ತೀನೋ?

ವಾರ್ಡ್_ಸಿಸ್ಟರ್:
ತಂಗೀ, ಖರೇನ ಐತಿ. ಪ್ಯಾನಿಕ್ ಇದ್ದವ್ರು ಎದಿ ಬಡಿತಕ್ಕ ಅಂಜ್ತಾರ, ಅಂಜಿದ್ದಕ್ಕ ಇನ್ನೂ ಜೋರ್ ಬಡೀತದ. ಆ ಬಡಿತ ಬಂದು ಏನೂ ಅನಾಹುತ ಆಗದ ತಾನ ಇಳಿಯೋದನ್ನ ಮೈ ಮತ್ತ ಮತ್ತ ನೋಡಬೇಕು, ಥೆರಪಿಯೊಳಗೂ ಮೆಟ್ಟಲ ಹತ್ತಿಸಿ, ನಿಂತಲ್ಲೆ ಓಡಿಸಿ ಇದನ್ನ ಮಾಡಸ್ತಾರ. ಆದ್ರ ನೀ ಮೊದಲ ಟ್ರೀಟ್‌ಮೆಂಟ್ ತಗೊಂಡು ಆಮ್ಯಾಲ ಹೋಗಿದ್ದಿ, ನಂಬಿಕಸ್ತ ಗೆಳತಿ ಹಗ್ಗ ಹಿಡಿದಿದ್ಲು. ಇದನ್ನ ಓದಿ ಯಾರೂ ಗುಳಿಗಿ ಬಿಟ್ಟು ಗುಡ್ಡಾ ಹತ್ತಬ್ಯಾಡ್ರಿ.

ಗುಳಿಗಿ ಅಂದ ಮ್ಯಾಲ ಇದೂ ಹೇಳಬೇಕು, ಪ್ಯಾಕೇಜ್ ಮಾರೋರು ಇದನ್ನ ಹೇಳಂಗಿಲ್ಲ. ಮನಸಿನ ವಿಪರೀತ ಏರಿಳಿತಕ್ಕ ಕೊಡೋ ಲಿಥಿಯಂ ಗುಳಿಗಿ ತಗೊಳ್ಳೋರು ಬಿಸಲಾಗ ಬೆವತು ನೀರು ಕಡಿಮಿ ಕುಡದ್ರ ರಕ್ತದೊಳಗ ಅದರ ಪ್ರಮಾಣ ಏರ್ತದ, ವಾಂತಿ, ಕೈ ನಡುಕ ಶುರು ಆಗಿ ವಿಪರೀತಕ್ಕ ಹೋಗಬಹುದು. ಬ್ಯಾರೆ ಕೆಲವು ಮಾನಸಿಕ ಔಷಧಾನೂ ಮೈ ಬಿಸಿ ತಡಕೊಳ್ಳೋ ಶಕ್ತಿ ಕುಂದಸ್ತಾವ. ಹೋಗಬ್ಯಾಡ್ರಿ ಅನ್ನಂಗಿಲ್ಲ, ಡಾಕ್ಟರ್‌ಗೆ ಒಂದು ಮಾತು ಕೇಳಿ, ಗೈಡ್‌ಗೂ ತಿಳಿಸಿ ಹೋಗ್ರಿ.

ರಾಣೇಬೆನ್ನೂರ_ಕಾಕಾ:
ನೀವೆಲ್ಲಾ ಈಗ ಸ್ಪೋರ್ಟ್ಸ್ ಹಾಲಿಡೇ ಅಂತೀರಿ. ನಮ್ಮ ಅಪ್ಪ ಪ್ರತಿ ವರ್ಷ ಯುಗಾದಿ ಮುಂದ ಕಂಬಿ ಹೊತ್ತು ಶ್ರೀಶೈಲಕ್ಕ ನಡಕೊಂಡ್ ಹೋಗ್ತಿದ್ದ, ನಮ್ಮ ಓಣಿ ಭಜನಿ ಮಂದಿ ಪಂಢರಪುರಕ್ಕ ದಿಂಡಿ ಹೋಗ್ತಿದ್ರು. ಬರೂದ್ರಾಗ ಕಾಲು ಒಡದು ಚೂರು ಆಗಿರ್ತಿದ್ವು, ಮಾರಿ ಮಾತ್ರ ದೀಪ ಹಚ್ಚಿದಂಗ. ಅಪ್ಪಗ ಹೊಲದ ವ್ಯಾಜ್ಯ ಇತ್ತು, ಕೋರ್ಟಿಗೆ ಅಡ್ಡಾಡಿ ಅಡ್ಡಾಡಿ ಮನಿಯಾಗ ಯಾರ ಜೋಡಿನೂ ಮಾತಾಡ್ತಿರಲಿಲ್ಲ, ನಡಕೊಂಡ್ ಹೋಗಿ ಬಂದ ಮ್ಯಾಲ ಎರಡು ತಿಂಗಳು ಮಾತಾಡ್ತಿದ್ದ. ಮಲ್ಲಯ್ಯನ ಕೃಪೆ ಅಂತಿದ್ದ. ನಾವೂ ಹಂಗ ತಿಳಕೊಂಡಿದ್ವಿ, ಈಗೂ ಹಂಗ ತಿಳಕೋತೀನಿ, ನೀವು ಅದಕ್ಕ ಏನ ಹೆಸರಿಟ್ಟರೂ ಅಡ್ಡಿಯಿಲ್ಲ.

ನಾ ಸ್ವತಃ ಗರಡಿ ಮನಿ ಹುಡುಗ. ಹರೇದಾಗ ಜಾತ್ರಿ ಕುಸ್ತಿಗೆ ಊರೂರು ತಿರಗೀನಿ. ಸೋತ ದಿನದ ದುಃಖ ಬ್ಯಾರೆ, ಆದ್ರ ಅಖಾಡದ ಮಣ್ಣ ಮೈಗೆ ಹತ್ತಿದ ಮ್ಯಾಲ ಚಿಂತಿ ಹತ್ತಂಗಿಲ್ಲ. ಆದ್ರ ತಮ್ಮಾ, ಒಂದ್ ದಿನ ಸಾವಿರ ಬೈಠಕ್ ಹೊಡದ್ರ ಪೈಲ್ವಾನ ಆಗಂಗಿಲ್ಲ, ಮರುದಿನ ಸಂಡಾಸಕ್ಕ ಕೂಡಾಕೂ ಬರಂಗಿಲ್ಲ. ನೀ ವರ್ಷಪೂರ್ತಿ ಖುರ್ಚಿ ಮ್ಯಾಲೆ ಕುಂತು ಒಂದ್ ಶನಿವಾರ ಹೊಳಿಗೆ ಹಾರೀದಿ. ಬುಧವಾರ ತನಕ ಉಳದಿದ್ದ ಹೆಚ್ಚು.

ಉಣಕಲ್_ದಂಡಿ:
ಕಾಕಾ 🙏 ಮರುದಿನ ಭುಜ ಎತ್ತಾಕ ಬರ್ತಿರಲಿಲ್ಲ, ನಾಚಿಗಿ ಆಗಿ ಬರದಿರ್ಲಿಲ್ಲ ಅಷ್ಟ.

ವಾರ್ಡ್_ಸಿಸ್ಟರ್:
ಕಾಕಾ ಹೇಳಿದ್ದಕ್ಕ ನನ್ನ ಕಡೆ ಪುರಾವೆ ಐತಿ ನೋಡ್ರಿ. ಅಮೆರಿಕಾದಾಗ 1999ರಲ್ಲಿ ಪ್ರಕಟ ಆದ ಅಧ್ಯಯನ, 50 ದಾಟಿದ 156 ಮಂದಿ, ಎಲ್ಲಾರಿಗೂ ಖಿನ್ನತೆ. ಕೆಲವರಿಗೆ ವ್ಯಾಯಾಮ, ಕೆಲವರಿಗೆ ಸರ್ಟ್ರಲಿನ್ ಗುಳಿಗಿ, ಕೆಲವರಿಗೆ ಎರಡೂ. 16 ವಾರ ಆದ ಮ್ಯಾಲ ಮೂರೂ ಗುಂಪು ಹೆಚ್ಚುಕಡಿಮಿ ಒಂದೇ ಸಮ ಸುಧಾರಿಸಿದ್ವು, ಶುರುವಿಗೆ ಗುಳಿಗಿ ತಗೊಂಡವರಿಗೆ ಲಗೂ ಗುಣ ಕಂಡಿತು. ಲಕ್ಷ್ಯ ಕೊಡಬೇಕಾದ್ದು 16 ವಾರ, ವಾರಕ್ಕ ಮೂರು ಸಲ, ಮಾಡಿಸೋರು ಮುಂದ ನಿಂತು ಮಾಡಿಸಿದ್ರು. ವಿಶ್ವ ಆರೋಗ್ಯ ಸಂಸ್ಥೆನೂ ದೊಡ್ಡವರಿಗೆ ವಾರಕ್ಕ ಕಡಿಮಿ ಅಂದ್ರ 150 ಮಿನಿಟು ಮಧ್ಯಮ ಬಿರುಸಿನ ಚಟುವಟಿಕೆ ಹೇಳ್ತದ. ಎರಡು ದಿನದ ಟ್ರಿಪ್ಪು ಅದಕ್ಕ ಬಾಗಲಾ ತಗೀಬಹುದು.

ಗೋಕುಲ_ರೋಡ್_ಮಂದಿ:
ಬಾಗಲಾ ತಗದು ಒಳಗ ಹೋಗಿ ಸಿಕ್ಕಬಿದ್ದವನೂ ನಾನ. ಔಟಿಂಗ್ ಆದ ಮ್ಯಾಲ ಹಟಕ್ಕ ಬಿದ್ದು ಓಡಾಕ ಶುರು ಮಾಡಿದೆ, ಆ್ಯಪ್ ಹಾಕ್ಕೊಂಡೆ, ಮುಂದ ರಜಾಕ್ಕ ಎಲ್ಲಿ ಹೋದ್ರೂ ಮೊದಲ ಅಲ್ಲಿ ಎಷ್ಟು ಕಿ.ಮೀ. ಓಡಬಹುದು ಅಂತ ನೋಡೋದು. ಮೈಸೂರಿಗೆ ಹೋದಾಗ ಹೆಂಡ್ತಿ ಮಕ್ಕಳು ಅರಮನಿ ನೋಡಾಕ ಹೋದ್ರು, ನಾ ಚಾಮುಂಡಿ ಬೆಟ್ಟದ ಮೆಟ್ಟಲಾ ಎಣಸ್ಕೊಂತ ಇದ್ದೆ, 1,000 ಮೆಟ್ಟಲಾ ಎಷ್ಟ ಮಿನಿಟು ಅಂತ. ಮೊಣಕಾಲು ಬಾತು ಒಂದು ತಿಂಗಳು ಕುಂತಾಗ, ಯಾರಿಗೂ ಮಾತಾಡಸಲಾರದಷ್ಟು ಸಿಟ್ಟು. ಆವಾಗ ತಿಳೀತು, ಬಾಸ್ ಟಾರ್ಗೆಟ್ ಬಿಟ್ಟು ಇನ್ನೊಂದು ಟಾರ್ಗೆಟ್ ನಾನ ಹಾಕ್ಕೊಂಡಿದ್ದೆ. ಆ್ಯಪ್ ಡಿಲೀಟ್ ಮಾಡಿ ಈಗ ನೃಪತುಂಗ ಬೆಟ್ಟಕ್ಕ ಮಗನ ಜೋಡಿ ಹೋಗ್ತೀನಿ. ಅವ ನಡು ನಡುವ ಕಲ್ಲು ಆರಸ್ಕೊಂತ ಕೂಡ್ತಾನ, ಒಂದು ಕಿ.ಮೀ.ಗೆ ಅರ್ಧ ತಾಸು.

ಸಾಧನಕೇರಿ_ಟೀಚರ್:
ನಮ್ಮಂಥ ಹೆಣ್ಣಮಕ್ಕಳದ್ದೂ ಒಂದು ಮಾತು ಸೇರಸ್ರಿ. ನೀವು ಗಂಡಸರು "ಗೆಳ್ಯಾರು ಎಳ್ಕೊಂಡ್ ಹೋದ್ರು" ಅಂತ ಒಂದು ಸಾಲಿನಾಗ ಮುಗಿಸ್ತೀರಿ. ನಾ ಅಷ್ಟು ದಿನ ಹೋಗಬೇಕಾದ್ರ ಫ್ರಿಜ್‌ನಾಗ ಅಷ್ಟೂ ದಿನದ ಪಲ್ಯದ ತಯಾರಿ, ಮಾವಾರ ಗುಳಿಗಿ ಡಬ್ಬಿ, ಕೆಲಸದಾಕಿಗೆ ಹೇಳೋದು, ಆಮ್ಯಾಲ "ಈ ವಯಸ್ಸಿಗೆ ಯಾಕ" ಅನ್ನೋರಿಗೆ ಉತ್ತರ. ಟ್ರೆಕ್ ಹತ್ತೋದಕ್ಕಿಂತ ಮನಿ ಹೊಸ್ತಲಾ ದಾಟೋದು ಎತ್ತರ ಅನಿಸ್ತು. ಬಂದ ಮ್ಯಾಲೆ ನಾವು ನಾಲ್ಕು ಮಂದಿ ಟೀಚರ್ಸ್ ಮುಂಜಾನೆ ಕೆಸಿಡಿ (ಕರ್ನಾಟಕ ಕಾಲೇಜು) ಕಡೆ ನಡೀಲಿಕ್ಕೆ ಶುರು ಮಾಡೇವಿ, ಅದಕ್ಕ ಯಾರ ಅನುಮತಿನೂ ಬ್ಯಾಡ, ಹಾಲು ತರಲಿಕ್ಕೆ ಹೋಗ್ತೀನಿ ಅಂದ್ರ ಸಾಕು.

ಖಾರಾ_ಚುರುಮುರಿ:
ಅಕ್ಕಾರ, ಹಾಲು ತರಾಕ ಒಂದೂವರಿ ತಾಸು?

ಸಾಧನಕೇರಿ_ಟೀಚರ್:
ಎಮ್ಮಿ ಹಿಂಡಿಸಿಕೊಂಡು ಬರ್ತೀವಿ ಅಂತ ತಿಳ್ಕೊಂಡಾರ.

ಜೋಯಿಡಾ_ಅಳಿಯ:
ರಾಫ್ಟಿಂಗ್‌ಗೆ ಹೋಗೋರಿಗೆ ಒಂದು ಮಾತು. ಅಲ್ಲಿ ನೀರು ಸೂಪಾ ಡ್ಯಾಂನಿಂದ ಬಿಟ್ಟಾಗಷ್ಟ, ಕರೆಂಟ್ ತಯಾರಿಗೆ ತಕ್ಕಂಗ. ಮಳಿಗಾಲದಾಗ ಬಂದ್ ಇರ್ತೈತಿ. ಫೋನ್ ಮಾಡಿ ಕೇಳಿ ಹೋಗ್ರಿ, ಇಲ್ಲಾಂದ್ರ ಟೆನ್ಶನ್ ಕಳ್ಯಾಕ ಹೋಗಿ ಟೆನ್ಶನ್ ಹೊತ್ಕೊಂಡ್ ಬರ್ತೀರಿ. ಈಜು ಬರದಿದ್ರೂ ನಡೀತೈತಿ, ಲೈಫ್ ಜಾಕೆಟ್ ಬಕ್ಕಲ್ ಬಿಗಿ ಇರ್ಲಿ, ಬಿದ್ರ ಅಂಗಾತ ತೇಲಿ ಕಾಲು ಮುಂದ ಮಾಡ್ರಿ, ನಿಲ್ಲಾಕ ಹೋಗಬ್ಯಾಡ್ರಿ, ಕಲ್ಲಬಂಡಿ ಸಂದ್ಯಾಗ ಕಾಲ ಸಿಕ್ಕೋತಾವ. ಮತ್ತ ಕುಡದು ಕೂಡಬ್ಯಾಡ್ರಿ, ಇದನ್ನ ಹೇಳೋ ಪ್ರಸಂಗ ಪ್ರತಿ ವಾರ ಬರ್ತೈತಿ.

ವಾರ್ಡ್_ಸಿಸ್ಟರ್:
ಉಣಕಲ್ ತಮ್ಮಾ, ನಿನಗೊಂದು ಸೀದಾ ಮಾತು. ಒಂದು ವರ್ಷದಿಂದ ನಸುಕಿನ ಮೂರಕ್ಕ ಎಚ್ಚರ, ಅದನ್ನ ಬರೇ ಟ್ರಿಪ್ಪಿಗೆ ಬಿಡಬ್ಯಾಡ. ಧಾರವಾಡದಾಗ ಡಿಮ್ಹಾನ್ಸ್ ಅನ್ನೋ ಸರಕಾರಿ ಮಾನಸಿಕ ದವಾಖಾನಿ ಐತಿ, ಓಪಿಡಿಗೆ ಹೋಗಿ ತೋರಿಸು. ನಮ್ಮ ಕಡೆ "ಅವನ್ನ ಧಾರವಾಡಕ್ಕ ಕಳಸ್ರಿ" ಅಂತ ಚ್ಯಾಷ್ಟಿ ಮಾಡ್ತಾರ, ಅದಕ್ಕ ಅಂಜಿ ಎಷ್ಟೋ ಮಂದಿ ಗೇಟ್ ತನಕ ಬಂದು ತಿರುಗಿ ಹೋಗ್ತಾರ, ಅಲ್ಲಿ ಓಪಿಡ್ಯಾಗ ಕುಂತಿರೋರು ನಿನ್ನಂಗ ನೌಕರಿ ಮಾಡೋರ. ಹೋಗಾಕ ಆಗಲಿಲ್ಲಾಂದ್ರ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಫೋನ್ ಮಾಡು, ರೊಕ್ಕ ಬೀಳಂಗಿಲ್ಲ, ಕನ್ನಡದಾಗ ಮಾತಾಡ್ತಾರ, ರಾತ್ರಿ ಮೂರಕ್ಕೂ ಎತ್ತಾರ.

ಉಣಕಲ್_ದಂಡಿ:
ಸಿಸ್ಟರ್, ನಿಮ್ಮ ಮಾತು ಓದಿ ಎರಡು ದಿನ ಉತ್ತರ ಬರಿಲಿಲ್ಲ, ಸಿಟ್ಟು ಬಂದಿತ್ತು ಖರೇ ಹೇಳಬೇಕಂದ್ರ. ನಿನ್ನಿ ರಾತ್ರಿ ಆ ನಂಬರಿಗೆ ಹಚ್ಚಿದೆ. ಹದಿನೈದು ಮಿನಿಟು ಮಾತಾಡಿದೆ. ಗುರುವಾರ ಧಾರವಾಡಕ್ಕ ಹೋಗ್ತೀನಿ, ಆಫೀಸಿನಾಗ ಹಲ್ಲು ತೋರಸಾಕ ಅಂತ ಹೇಳೇನಿ.

ಮತ್ತ ಗದಗ ಅಣ್ಣಾ, ಈ ಸಲ ಮಾಗಡಿ ಕೆರಿಗೆ ಯಾವಾಗ ಹೋಗ್ತೀರಿ? ನನ್ನ ಕಡೆ ಸೈಕಲ್ ಇಲ್ಲ, ಹೊಡದು ಹದಿನೈದು ವರ್ಷ ಆತು.

ಗದಗ_ಎದುರಗಾಳಿ:
ಬರೂ ಆದಿತ್ಯವಾರ ನಸುಕಿನ್ಯಾಗ ಐದೂವರಿಗೆ ಗದಗ ಸ್ಟೇಷನ್ ಮುಂದ. ತಮ್ಮಂದು ಹಳೇ ಸೈಕಲ್ ಕೊಡ್ತೀನಿ, ಎರಡನೇ ಗೇರ್ ಬೀಳಂಗಿಲ್ಲ, ಉಳದದ್ದು ಛಲೋ ಐತಿ. ಪಂಕ್ಚರ್ ಸಾಮಾನು ನಂದು, ರೊಟ್ಟಿ-ಶೇಂಗಾ ಹಿಂಡಿ ನಿಂದು. ದಣಿದ್ರ ಹೇಳು, ನಿಂದ್ರತೀವಿ, ನಮ್ಮಾಗ ಯಾರೂ ಟೈಮ್ ಹಚ್ಚಂಗಿಲ್ಲ.

ಉಣಕಲ್_ದಂಡಿ:
ಐದೂವರಿಗೆ ಗದಗದಾಗ ಇರಬೇಕಂದ್ರ ಹುಬ್ಬಳ್ಯಾಗ ಮೂರಕ್ಕ ಏಳಬೇಕು. ಅದಕ್ಕ ಅಲಾರಂ ಬ್ಯಾಡ ಬಿಡ್ರಿ.

ಖಾರಾ_ಚುರುಮುರಿ:
ಇನ್ನೊಂದು ಸೈಕಲ್ ಐತೇನು? ಸುಮ್ಮನ ಕೇಳಿದೆ.